ಐಸ್ ಫ್ಯಾಕ್ಟರಿಯಲ್ಲಿ ಆರನೇ ಕಂತು

ಮಂಜೇಶ್ವರದ ಬಂದರಿನಲ್ಲಿ ರಾತ್ರಿ ಒಂದೂವರೆಗೆ
ಐದು ಜನ, ಒಂದು ಫೋನು.
ಉಪ್ಪಿನ ಮೂಟೆಗೆ ಒರಗಿಸಿದ ಫೋನಿನೊಳಗೆ
ಮಾವನ ಹೆಣ
ಕಲ್ಯಾಣಮಂಟಪದ ಫ್ರೀಜರಿನಲ್ಲಿ,
ಅದರ ಮೇಲೆ ಪಿಸ್ತಾ ಐಸ್‌ಕ್ರೀಮು, ಎಂಟು ಡಬ್ಬ.
ಅಡಗಿಸಿದವರು ಅಳಿಯಂದಿರು ಇಬ್ಬರು.
ಕೊಂದವರು ಯಾರೆಂದು ಇನ್ನೂ ಹೇಳಿಲ್ಲ.
ಊಟಕ್ಕೆ ಕೂತವರು ಮುನ್ನೂರು.
ಕರೆಂಟು ಹೋಯಿತು.

ಮೊದಲು ನಕ್ಕದ್ದು ಮೊಯ್ದಿಂಞಿ,
ಅವನ ಮನೆಮಾತಿಗೆ ಮಲಯಾಳ ಹತ್ತಿರ.
ಅರೆಗಳಿಗೆ ಬಿಟ್ಟು ಐತಪ್ಪ,
ಅವನು ತುಳುವಿಗೆ ತಿರುಗಿಸಿಕೊಂಡು ನಗುವವ.
ಆಮೇಲೆ ನಾನು, ಕನ್ನಡ ಶಾಲೆಯ ಗುಮಾಸ್ತ,
ಕೆಳಗಿನ ಇಂಗ್ಲಿಷ್ ಸಾಲು ಓದಿ ಮುಗಿಸುವಷ್ಟರಲ್ಲಿ
ತಮಾಷೆ ತಣಿದಿರುತ್ತದೆ.
ಬಿರಂಚಿ ಒಡಿಶಾದವ, ಯಾವ ಮಾತೂ ತಿಳಿಯದು.
ಆದರೆ ಕರೆಂಟು ಹೋದದ್ದು
ಎಲ್ಲರಿಗಿಂತ ಹೆಚ್ಚು ಅವನಿಗೇ ತಿಳಿಯಿತು.
ನೆಲ ಬಡಿದು ಬಡಿದು ನಕ್ಕ.

ಮುತ್ತಕ್ಕ ಮಾತ್ರ ನಗಲಿಲ್ಲ.
ಬೆಳಗಿನ ದೋಣಿಗೆ ಬುಟ್ಟಿ ಇಟ್ಟು ಕಾಯುವವಳು,
ಮೂವತ್ತು ವರ್ಷ ಕಣ್ಣು ನೋಡಿಯೇ ಬಂಗುಡೆ ಕೊಂಡವಳು.
"ಮೂರು ದಿನದ ಕಣ್ಣಾ ಇದು?
ಈ ಮಾವನಿಗೆ ನಾನಾದರೆ ಕಿಲೋಗೆ ಇನ್ನೂರೈವತ್ತು ಕೊಡುತ್ತಿದ್ದೆ.
ನೋಡು ನೋಡು, ಹೊಟ್ಟೆ ಆಡ್ತಾ ಉಂಟು."

"ಆ ಪೆಟ್ಟಿಗೆಯಲ್ಲಿ ಆಳು ಹಿಡಿಸುವುದಿಲ್ಲ."
"ಮೊಣಕಾಲು ಮಡಚಿದರೆ?"
"ಮಡಚುವುದಾದರೆ ಮೊದಲೇ ಮಡಚಬೇಕು,
ಆಮೇಲೆ ಆಗುವುದಿಲ್ಲ ಮಾರಾಯ," ಎಂದ ಐತಪ್ಪ.
ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ.
ಹೋದ ವರ್ಷ ದೋಣಿ ಮಗುಚಿದಾಗ
ಎಳೆದು ತಂದದ್ದು ಅವನೇ.

ಲೈನ್‌ಮನ್ ಬಂದ, ಏಣಿ ಇಟ್ಟ,
ಹತ್ತುವ ಮೊದಲು ಒಂದು ಬಟ್ಟಲು ಐಸ್‌ಕ್ರೀಮು ಕೇಳಿದ,
ತಾನೇ ಹೋಗಿ ಮುಚ್ಚಳಕ್ಕೆ ಕೈ ಹಾಕಿದ

ಅಷ್ಟರಲ್ಲಿ ಶಟರ್ ಬಡಿದ ಸದ್ದು.

ಬಾಗಿಲಲ್ಲಿ ಒಬ್ಬ, ಅಂಗಿಯ ಗುಂಡಿ ತಪ್ಪಿ ಹಾಕಿದ್ದ.
ಹಿಂದೆ ಆಟೋ, ಅದರ ದೀಪ ಉರಿಯುತ್ತಲೇ ಇತ್ತು.
"ಐಸ್ ಬೇಕಿತ್ತು."
ದೋಣಿ ಯಾವುದು? ನಾನು ಲೆಕ್ಕದ ಪುಸ್ತಕ ತೆರೆದೆ.
"ದೋಣಿ ಅಲ್ಲ. ಅಪ್ಪ.
ಹತ್ತೂವರೆಗೆ ಹೋದರು. ಬಾಡಿಗೆ ಪೆಟ್ಟಿಗೆ
ಉಪ್ಪಳದಲ್ಲಿ ಬೇರೆಯವರಿಗೆ ಕೊಟ್ಟಿದ್ದಾರಂತೆ.
ಅಕ್ಕ ಮುಂಬೈ ರೈಲಿನಲ್ಲಿ, ನಾಳೆ ಮಧ್ಯಾಹ್ನ.
ಒಬ್ಬರಿಗೆ ಎಷ್ಟು ಗಡ್ಡೆ ಬೇಕಾಗುತ್ತದೆ?"

ಫೋನನ್ನು ಯಾರೂ ನಿಲ್ಲಿಸಿರಲಿಲ್ಲ.
ಉಪ್ಪಿನ ಮೂಟೆಯ ಬಳಿ ಮುನ್ನೂರು ಜನ
ಐಸ್‌ಕ್ರೀಮ್ ಎಲ್ಲಿ, ಐಸ್‌ಕ್ರೀಮ್ ಎಲ್ಲಿ ಎಂದು ಎಲೆ ಬಡಿಯುತ್ತಿದ್ದರು.
ಬಿರಂಚಿ ಗೋಡೆಯ ಕಡೆ ತಿರುಗಿದ, ಬೆನ್ನು ಕುಲುಕುತ್ತಿತ್ತು.
ಐತಪ್ಪ ಕೆಮ್ಮಿದ, ಕೆಮ್ಮಲ್ಲದ ಕೆಮ್ಮು.
ನಾನು ಪೆನ್ನಿನ ಟೋಪಿ ಕಚ್ಚಿ ಹಿಡಿದೆ.
ನಗು ಎಂಥ ಕೊಳಕು ಪ್ರಾಣಿ,
ಹೊಡೆದಷ್ಟೂ ಒಳಗೇ ಮರಿ ಹಾಕುತ್ತದೆ.

"ಆರನೆಯದಾ?" ಎಂದ ಅವನು.
ಯಾರಿಗೂ ಬಾಯಿ ಬರಲಿಲ್ಲ.
"ಅಪ್ಪ ಐದರವರೆಗೆ ನೋಡಿದ್ದರು.
ಇದನ್ನು ಊಟ ಆದ ಮೇಲೆ ನೋಡುವ ಅಂದಿದ್ದರು.
ಕೊಂದದ್ದು ಅಡುಗೆಯವ ಅಂತ ಅವರ ವಾದ."

ಮುತ್ತಕ್ಕ ಎದ್ದಳು. ಬುಟ್ಟಿ ಬೋರಲು ಹಾಕಿ
ಅವನನ್ನು ಅದರ ಮೇಲೆ ಕೂರಿಸಿದಳು.
"ನಾಲ್ಕು ಗಡ್ಡೆ. ತಲೆಗೆ ಒಂದು, ಕಾಲಿಗೆ ಒಂದು, ಪಕ್ಕಕ್ಕೆರಡು.
ಮರದ ಹುಡಿ ಹಾಕು. ಮೈಗೆ ತಾಗಿಸಬೇಡ.
ನೀರು ಹೋಗಲು ದಾರಿ ಬಿಡು."
ಮೀನಿನ ಬೆಲೆ ಹೇಳುವ ದನಿಯಲ್ಲೇ ಹೇಳಿದಳು.
ಅವನು ಪ್ರತಿಯೊಂದಕ್ಕೂ ಹೂಂ ಎಂದ.

ಕ್ಯಾನಿನಿಂದ ಗಡ್ಡೆ ಬಿಡಲು ಹತ್ತು ನಿಮಿಷ,
ಕಂತಿನಲ್ಲಿ ಉಳಿದದ್ದೂ ಹೆಚ್ಚುಕಡಿಮೆ ಅಷ್ಟೇ.
ಮೊಯ್ದಿಂಞಿ ಏನೂ ಕೇಳದೆ
ಫೋನನ್ನು ಅವನ ಕಡೆ ತಿರುಗಿಸಿದ.
ನೋಡಿದ. ಎಲ್ಲಿಯೂ ನಗಲಿಲ್ಲ.
ಕೊನೆಗೆ ಅಡುಗೆಯವ ಸೌಟು ಹಿಡಿದೇ
ಹಿಂಬಾಗಿಲಿನಿಂದ ಜಾರಿದಾಗ
ತೊಡೆ ಬಡಿದುಕೊಂಡ: "ಹೇಳಿದ್ದರು!"

ದೋಣಿಯ ಹೆಸರು ಎಂಬಲ್ಲಿ ಖಾಲಿ ಇತ್ತು.
ಬರೆಯಿರಿ ಎಂದ, ದೂಮಪ್ಪ ಮೇಸ್ತ್ರಿ, ಕುಂಜತ್ತೂರು.
ಬರೆದೆ. ಹಣ ಎಂಬಲ್ಲಿ ಅಡ್ಡಗೆರೆ ಎಳೆದೆ,
ಧಣಿಗೆ ಬೆಳಿಗ್ಗೆ ಏನಾದರೂ ಹೇಳಿದರಾಯಿತು.

ಆಟೋ ಹೋದ ಮೇಲೆ ಬಹಳ ಹೊತ್ತು
ಕಂಪ್ರೆಸರ್ ಒಂದೇ ಮಾತಾಡಿತು.
"ಏಳನೆಯದು ಶುಕ್ರವಾರ," ಎಂದ ಐತಪ್ಪ, ಯಾರಿಗೋ.
ಮುತ್ತಕ್ಕ ಬುಟ್ಟಿ ಒರೆಸಿ ಮತ್ತೆ ನೆಟ್ಟಗಿಟ್ಟಳು.
"ಏನೇ ಹೇಳಿ," ಎಂದಳು,
"ಆ ಮಾವ ಉಸಿರಾಡುತ್ತಿದ್ದ."